ಡಿಫ್ಯೂಷನ್ ಎಂಆರ್‌ಐ ಓದುವುದನ್ನು ಉಚಿತ ಆನ್‌ಲೈನ್ ಉಪನ್ಯಾಸಗಳಿಂದ ಕಲಿಯುವುದು ಹೇಗೆ?

ಲಕ್ವ (ಸ್ಟ್ರೋಕ್) ಹೊಡೆದವರನ್ನು ಮೊದಲ ಒಂದೆರಡು ಗಂಟೆಯೊಳಗೆ ಸಿಟಿ ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ಮಿದುಳು ನಾರ್ಮಲ್ ಆಗಿಯೇ ಕಾಣುತ್ತದೆ. ಅದೇ ಹೊತ್ತಿಗೆ ಎಂಆರ್‌ಐನಲ್ಲಿ ನೀರಿನ ಅಣುಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರ ತೆಗೆದರೆ, ರಕ್ತ ಸಿಗದೆ ಒದ್ದಾಡುತ್ತಿರುವ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ. ಒಂದೆರಡು ನಿಮಿಷದ ಸ್ಕ್ಯಾನ್ ಅಷ್ಟೇ. ಅದಕ್ಕೇ ಮಿದುಳಿನ ಎಂಆರ್‌ಐ ತೆರೆದ ತಕ್ಷಣ ಎಲ್ಲರ ಕಣ್ಣು ಮೊದಲು ಹೋಗುವುದು ಈ ಚಿತ್ರಕ್ಕೆ. ಎಡವುವುದೂ ಇಲ್ಲೇ ಜಾಸ್ತಿ. "ಬೆಳ್ಳಗಿದೆ, ಅಂದ್ರೆ ಹೊಸ ಸ್ಟ್ರೋಕ್" ಅಂತ ಒಂದು ಸಾಲು ಬಾಯಿಪಾಠ ಮಾಡಿಕೊಂಡು ಹೊರಟವರಿಗೆ ಬೇಗನೆ ಪೆಟ್ಟು ಬೀಳುತ್ತದೆ.

ಈ ಬರಹ ರೇಡಿಯಾಲಜಿ ಪಿಜಿ ವಿದ್ಯಾರ್ಥಿಗಳಿಗೆ, ಇಮೇಜಿಂಗ್ ಟೆಕ್ನಾಲಜಿ ಓದುವವರಿಗೆ, ಎಂಆರ್‌ಐ ಕನ್ಸೋಲ್ ಮುಂದೆ ಕೂತು ದಿನವೂ ಈ ಚಿತ್ರ ತೆಗೆಯುವ ಟೆಕ್ನಿಷಿಯನ್‌ಗಳಿಗೆ. ಇಂಟರ್‌ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುವ ಉಪನ್ಯಾಸಗಳಿಗೆ ಕೊರತೆಯಿಲ್ಲ. ಯಾವುದನ್ನು ಯಾವಾಗ ನೋಡಬೇಕು, ನೋಡುವಾಗ ಕೈಯಲ್ಲಿ ಏನು ಮಾಡುತ್ತಿರಬೇಕು ಅನ್ನೋದೇ ತೊಂದರೆ. ವಿಡಿಯೋವನ್ನು ಸುಮ್ನೆ ನೋಡಿದರೆ ಎಲ್ಲ ಅರ್ಥವಾದ ಹಾಗೆ ಅನಿಸುತ್ತದೆ. ಮರುದಿನ ಒಂದು ನಿಜವಾದ ಕೇಸ್ ಎದುರಿಗೆ ಬಂದರೆ ಏನೂ ಹೊಳೆಯುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ಕು, ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದರೂ ಸಾಕು.

ಹಂತ 1: ಡಿಫ್ಯೂಷನ್ ಉಪನ್ಯಾಸಕ್ಕೆ ಮೊದಲು ಟಿ2

ನೇರವಾಗಿ ಡಿಫ್ಯೂಷನ್ ಅಂತ ಹುಡುಕಬೇಡಿ. ಸ್ಪಿನ್ ಎಕೋ ಅಂದರೇನು, ಟಿ2 ಅಂದರೇನು, ಗ್ರೇಡಿಯಂಟ್ (ಜಾಗದಿಂದ ಜಾಗಕ್ಕೆ ಬದಲಾಗುವ ಅಯಸ್ಕಾಂತ ಬಲ) ಏನು ಮಾಡುತ್ತದೆ ಅನ್ನೋ ಮೂರು ವಿಷಯ ಗೊತ್ತಿರಲೇಬೇಕು. ಡಿಫ್ಯೂಷನ್ ಚಿತ್ರದೊಳಗೆ ಟಿ2, ಅಂದರೆ ಸಿಗ್ನಲ್ ಆರಿಹೋಗಲು ಹಿಡಿಯುವ ಹೊತ್ತು, ಅಡಗಿ ಕೂತಿರುತ್ತದೆ. ನೀರು ಹೆಚ್ಚಿದ್ದಲ್ಲಿ ಟಿ2 ಚಿತ್ರ ಬೆಳ್ಳಗಿರುತ್ತದೆ. ಮುಂದೆ ಬರುವ ಅರ್ಧ ಗೊಂದಲಕ್ಕೆ ಅದೇ ಕಾರಣ.

ಇದಕ್ಕೆ ಯೂಟ್ಯೂಬಿನಲ್ಲಿರುವ ಮೈಕಲ್ ಲಿಪ್ಟನ್ ಅವರ 'ಇಂಟ್ರೊಡ್ಯೂಸಿಂಗ್ ಎಂಆರ್‌ಐ' ಸರಣಿ ಒಳ್ಳೆಯದು. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಮಾಡಿದ ಪಾಠಗಳು ಅವು. ಚಿಕ್ಕ ಚಿಕ್ಕ ತುಂಡುಗಳಾಗಿ ಇರುವುದರಿಂದ ಬಸ್ಸಿನಲ್ಲೂ ಕೇಳಬಹುದು. ಇಡೀ ಸರಣಿ ಈಗಲೇ ಮುಗಿಸಬೇಕಾಗಿಲ್ಲ. ಸ್ಪಿನ್ ಎಕೋ, ಟಿ2, ಗ್ರೇಡಿಯಂಟ್ ಬರುವ ಭಾಗಗಳು ಸಾಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಮೆರಿಕದ ಉಚ್ಚಾರಣೆ ಮೊದಲು ಕಷ್ಟವಾಗುತ್ತದೆ. ಕ್ಯಾಪ್ಷನ್ ಹಾಕಿಕೊಳ್ಳಿ, ವೇಗವನ್ನು 0.75ಕ್ಕೆ ಇಳಿಸಿ. ಆದರೆ ತಾನಾಗಿ ಬರುವ ಕ್ಯಾಪ್ಷನ್ ತಾಂತ್ರಿಕ ಪದಗಳನ್ನು ಆಗಾಗ ಕೆಡಿಸುತ್ತದೆ. ಸ್ಲೈಡಿನಲ್ಲಿ ಬರೆದಿರುವುದನ್ನೇ ನಂಬಿ. ಪ್ರತಿ ವಿಡಿಯೋ ಮುಗಿದ ಮೇಲೆ ಕೇಳಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ನಾಲ್ಕು ಸಾಲು ಹೊರಡದಿದ್ದರೆ ಇನ್ನೊಮ್ಮೆ ನೋಡಬೇಕು ಅಂತಲೇ ಅರ್ಥ.

ಹಂತ 2: ನೀರು ಕದಲಿದ್ದು ಮಶೀನಿಗೆ ಹೇಗೆ ಗೊತ್ತಾಗುತ್ತದೆ

ನೀರಿನ ಅಣುಗಳು ಒಂದೇ ಕಡೆ ನಿಲ್ಲುವುದಿಲ್ಲ. ಗೊತ್ತುಗುರಿಯಿಲ್ಲದೆ ಅತ್ತಿತ್ತ ಓಡಾಡುತ್ತಲೇ ಇರುತ್ತವೆ. ಈ ಓಡಾಟವನ್ನು ಅಳೆಯುವ ಉಪಾಯವನ್ನು ಸ್ಟೆಯ್ಸ್ಕಲ್ ಮತ್ತು ಟ್ಯಾನರ್ 1965ರಲ್ಲಿ ಕೊಟ್ಟರು. ಇಪ್ಪತ್ತು ವರ್ಷದ ನಂತರ, 1985-86ರ ಹೊತ್ತಿಗೆ, ಫ್ರಾನ್ಸಿನ ಡೆನಿ ಲೆ ಬಿಹಾನ್ ಅದನ್ನು ಮಿದುಳಿನ ಚಿತ್ರಕ್ಕೆ ತಂದರು. 1990ರಲ್ಲಿ ಮೋಸ್ಲಿ ಮತ್ತವರ ಜೊತೆಗಾರರು ಬೆಕ್ಕುಗಳ ಮಿದುಳಿನಲ್ಲಿ ಪ್ರಯೋಗ ಮಾಡಿ, ಟಿ2 ಚಿತ್ರದಲ್ಲಿ ಏನೂ ಕಾಣದ ಹೊತ್ತಿನಲ್ಲೇ ಡಿಫ್ಯೂಷನ್ನಿನಲ್ಲಿ ಸ್ಟ್ರೋಕ್ ಕಾಣುತ್ತದೆ ಅಂತ ತೋರಿಸಿದರು. ಆಸ್ಪತ್ರೆಗಳು ಇದನ್ನು ಹಿಡಿದುಕೊಂಡದ್ದು ಅದರ ನಂತರವೇ.

ಉಪಾಯ ಬಹಳ ಸರಳ. ಮೊದಲ ಗ್ರೇಡಿಯಂಟ್ ಪ್ರತಿ ಪ್ರೋಟಾನಿಗೂ ಅದು ನಿಂತಿರುವ ಜಾಗಕ್ಕೆ ತಕ್ಕಷ್ಟು ಫೇಸ್ (ಸುತ್ತುವುದರಲ್ಲಿ ಎಷ್ಟು ಮುಂದಿದೆ ಅನ್ನೋ ಲೆಕ್ಕ) ಕೂಡಿಸುತ್ತದೆ. ಆಮೇಲೆ 180 ಡಿಗ್ರಿ ಪಲ್ಸ್ ಬಂದು ಲೆಕ್ಕವನ್ನು ಉಲ್ಟಾ ಮಾಡುತ್ತದೆ. ಹಾಗಾಗಿ ಎರಡನೇ ಗ್ರೇಡಿಯಂಟ್ ಅದೇ ಲೆಕ್ಕದಲ್ಲಿ ಕಳೆಯುತ್ತದೆ. 5ನೇ ಜಾಗದಲ್ಲಿದ್ದ ಪ್ರೋಟಾನು ಅಲ್ಲೇ ಇದ್ದರೆ 5 ಕೂಡಿ 5 ಕಳೆದು ಸೊನ್ನೆ. ಎಲ್ಲವೂ ಸೊನ್ನೆಗೆ ಬಂದರೆ ಎಲ್ಲರ ದನಿಯೂ ಸೇರಿ ಸಿಗ್ನಲ್ ಜೋರಾಗಿ ಬರುತ್ತದೆ. ಈ ನಡುವೆ ಒಂದು ಪ್ರೋಟಾನು 7ನೇ ಜಾಗಕ್ಕೆ ಸರಿದಿದ್ದರೆ 5 ಕೂಡಿ 7 ಕಳೆದು ಉಳಿಯುವುದು ಮೈನಸ್ 2. ಇನ್ನೊಂದು 4ಕ್ಕೆ ಸರಿದಿದ್ದರೆ ಪ್ಲಸ್ 1. ಒಬ್ಬೊಬ್ಬರದು ಒಂದೊಂದು ಉಳಿಕೆ. ಒಂದನ್ನೊಂದು ಹೊಡೆದುಹಾಕಿ ಸಿಗ್ನಲ್ ಕುಗ್ಗುತ್ತದೆ. ನೀರು ಜಾಸ್ತಿ ಓಡಾಡಿದರೆ ಕಪ್ಪು, ಓಡಾಡಲು ಆಗದಿದ್ದರೆ ಬಿಳುಪು. ಈ ಐದು-ಏಳರ ಲೆಕ್ಕ ಕೈಯಲ್ಲಿ ಬರೆದು ನೋಡಿದ ಮೇಲೆ ಯಾವ ಉಪನ್ಯಾಸದ ಪಲ್ಸ್ ಚಿತ್ರ ಬಂದರೂ ಹೆದರಿಕೆಯಾಗುವುದಿಲ್ಲ.

ಸ್ಟ್ರೋಕಿನಲ್ಲಿ ಓಡಾಟ ಏಕೆ ಕಮ್ಮಿಯಾಗುತ್ತದೆ? ರಕ್ತ ನಿಂತರೆ ಜೀವಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪು ನಿಲ್ಲುತ್ತದೆ. ನೀರು ಒಳಗೆ ನುಗ್ಗಿ ಕೋಶ ಊದಿಕೊಳ್ಳುತ್ತದೆ, ಕೋಶಗಳ ನಡುವಿನ ಜಾಗ ಕಿರಿದಾಗುತ್ತದೆ. ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ರಥಬೀದಿಯಲ್ಲಿ ನಡೆದ ಹಾಗೆ: ಕಾಲಿಗೆ ಶಕ್ತಿಯಿದ್ದರೂ ಹೋಗಲು ಜಾಗವಿಲ್ಲ. ಈ ವಿವರಣೆಯೇ ಪೂರ್ತಿಯೇ ಅಂತ ವಿಜ್ಞಾನಿಗಳ ನಡುವೆ ಚರ್ಚೆ ಇನ್ನೂ ಮುಗಿದಿಲ್ಲ. ಚಿತ್ರ ಓದಲು ಕಲಿಯುವುದಕ್ಕೆ ಮಾತ್ರ ಇಷ್ಟು ಸಾಕು.

ಗ್ರೇಡಿಯಂಟ್ ಎಷ್ಟು ಬಲವಾಗಿದೆ, ಎಷ್ಟು ಹೊತ್ತು ಇದೆ, ಎರಡರ ನಡುವೆ ಎಷ್ಟು ಅಂತರವಿದೆ ಅನ್ನೋದನ್ನೆಲ್ಲ ಸೇರಿಸಿ ಒಂದೇ ಅಂಕಿಯಲ್ಲಿ ಹೇಳುವುದೇ ಬಿ ವ್ಯಾಲ್ಯೂ. ಮಿದುಳಿಗೆ ಸಾಮಾನ್ಯವಾಗಿ 0 ಮತ್ತು 1000. ಬಿ 0 ಅಂದರೆ ಈ ಗ್ರೇಡಿಯಂಟ್ ಇಲ್ಲದೆ ತೆಗೆದ ಚಿತ್ರ. ಇಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಆಲನ್ ಎಲ್ಸ್ಟರ್ ಅವರ ಎಂಆರ್‌ಐ ಪ್ರಶ್ನೋತ್ತರ ತಾಣ ತೆರೆಯಿರಿ. ಅದು ವಿಡಿಯೋ ಅಲ್ಲ, ಓದುವ ಪಾಠ. ಒಂದು ಪ್ರಶ್ನೆಗೆ ಒಂದು ಪುಟ. ನನ್ನ ಪ್ರಕಾರ ಫಿಸಿಕ್ಸ್‌ಗೆ ಅನೇಕ ಉಪನ್ಯಾಸಗಳಿಗಿಂತ ಇದೇ ಮೇಲು.

ಹಂತ 3: ಕ್ಯಾಲ್ಕುಲೇಟರ್ ತೆಗೆಯಿರಿ

ಇದನ್ನು ಹಾರಿಸಬೇಡಿ. ಇಡೀ ವಿಷಯದ ಕೀಲಿ ಇಲ್ಲೇ ಇದೆ.

ನೀರಿನ ಓಡಾಟದ ಅಳತೆಗೆ ಎಡಿಸಿ (ಅಪರೆಂಟ್ ಡಿಫ್ಯೂಷನ್ ಕೊಎಫಿಷಿಯೆಂಟ್) ಅನ್ನುತ್ತಾರೆ. ಸೆಕೆಂಡಿಗೆ ಇಷ್ಟು ಚದರ ಮಿಲಿಮೀಟರ್ ಅಂತ ಅದರ ಲೆಕ್ಕ. ಅಂಕಿ ತೀರಾ ಚಿಕ್ಕದಾದ್ದರಿಂದ ಸಾವಿರದಿಂದ ಗುಣಿಸಿ ಹೇಳುವುದು ವಾಡಿಕೆ. ಆ ಲೆಕ್ಕದಲ್ಲಿ ನಾರ್ಮಲ್ ಮಿದುಳಿನ ಎಡಿಸಿ ಸುಮಾರು 0.7ರಿಂದ 0.9. ಮಿದುಳಿನ ಕುಹರಗಳಲ್ಲಿ ತುಂಬಿರುವ ನೀರಿನದು 3ರ ಹತ್ತಿರ. ಹೊಸ ಸ್ಟ್ರೋಕಿನಲ್ಲಿ 0.4ರ ಆಸುಪಾಸಿಗೆ ಇಳಿಯಬಹುದು.

ಬಿ 1000 ಚಿತ್ರದ ಸಿಗ್ನಲ್ ತಿಳಿಯಲು, ಬಿ 0 ಸಿಗ್ನಲನ್ನು 'ಇ'ಯ ಮೈನಸ್ ಎಡಿಸಿ ಘಾತದಿಂದ ಗುಣಿಸಬೇಕು. ಬಿ 1000 ಆದ್ದರಿಂದ ಮೇಲಿನ ಅಂಕಿಗಳನ್ನೇ ನೇರವಾಗಿ ಘಾತಕ್ಕೆ ಹಾಕಬಹುದು. ಅಭ್ಯಾಸಕ್ಕೆ ನಾನೇ ಇಟ್ಟುಕೊಂಡ ಕೆಲವು ಅಂಕಿ ತೆಗೆದುಕೊಳ್ಳೋಣ. ನಾರ್ಮಲ್ ಮಿದುಳಿನ ಬಿ 0 ಸಿಗ್ನಲ್ 300, ಎಡಿಸಿ 0.8. ಬಿ 1000ದಲ್ಲಿ ಅದು 135ಕ್ಕೆ ಇಳಿಯುತ್ತದೆ. ಕುಹರದ ನೀರು ಬಿ 0ಯಲ್ಲಿ 900ರಷ್ಟು ಬೆಳ್ಳಗೆ ಹೊಳೆಯುತ್ತಿರುತ್ತದೆ. ಎಡಿಸಿ 3 ಆದ್ದರಿಂದ ಬಿ 1000ದಲ್ಲಿ ಉಳಿಯುವುದು ಬರೀ 45. ಹೊಸ ಸ್ಟ್ರೋಕಿನ ಬಿ 0 ಸಿಗ್ನಲ್ 320, ಅಂದರೆ ನಾರ್ಮಲ್‌ಗಿಂತ ಹೆಚ್ಚೇನೂ ಬೇರೆಯಿಲ್ಲ. ಎಡಿಸಿ 0.4. ಬಿ 1000ದಲ್ಲಿ ಉಳಿಯುವುದು ಸುಮಾರು 214. ಸುತ್ತಲಿನ 135ರ ನಡುವೆ ಅದು ಎದ್ದು ಕಾಣುತ್ತದೆ.

ಈಗ ನಾಲ್ಕನೆಯದು ನೋಡಿ. ಹಳೆಯ ಗಾಯವೊಂದಿದೆ, ನೀರು ತುಂಬಿ ಟಿ2ನಲ್ಲಿ ತುಂಬಾ ಬೆಳ್ಳಗಿದೆ. ಬಿ 0 ಸಿಗ್ನಲ್ 600, ಎಡಿಸಿ 1.1. ಬಿ 1000ದಲ್ಲಿ ಎಷ್ಟಾಯಿತು? 200. ಹೊಸ ಸ್ಟ್ರೋಕಿನ 214ಕ್ಕೂ ಇದಕ್ಕೂ ಬರಿಗಣ್ಣಿಗೆ ಏನು ವ್ಯತ್ಯಾಸ ಗೊತ್ತಾದೀತು? ಒಂದರಲ್ಲಿ ನೀರು ಸಿಕ್ಕಿಬಿದ್ದಿದೆ, ಇನ್ನೊಂದರಲ್ಲಿ ನಾರ್ಮಲ್‌ಗಿಂತ ಆರಾಮಾಗಿ ಓಡಾಡುತ್ತಿದೆ. ಎರಡೂ ಒಂದೇ ಬಿಳುಪು. ಉಪನ್ಯಾಸಗಳಲ್ಲಿ ಪದೇ ಪದೇ ಬರುವ ಟಿ2 ಶೈನ್ ಥ್ರೂ ಅಂದರೆ ಇದೇ.

ಇದನ್ನು ಬಿಡಿಸುವ ದಾರಿ ಉಲ್ಟಾ ಲೆಕ್ಕ. ಬಿ 0 ಸಿಗ್ನಲನ್ನು ಬಿ 1000 ಸಿಗ್ನಲಿನಿಂದ ಭಾಗಿಸಿ, ಕ್ಯಾಲ್ಕುಲೇಟರಿನ ಎಲ್‌ಎನ್ ಒತ್ತಿ. 320 ಭಾಗಿಸು 214 ಹಾಕಿದರೆ 0.4 ಬರುತ್ತದೆ. 600 ಭಾಗಿಸು 200 ಹಾಕಿದರೆ 1.1. ಟಿ2 ಹೊರಗೆ ಹೋಯಿತು, ಓಡಾಟ ಮಾತ್ರ ಉಳಿಯಿತು. ಚಿತ್ರದ ಪ್ರತಿ ಚುಕ್ಕೆಗೂ ಮಶೀನು ಈ ಲೆಕ್ಕ ಮಾಡಿ ಕೊಡುವುದೇ ಎಡಿಸಿ ಮ್ಯಾಪ್. ಅದರಲ್ಲಿ ಬಣ್ಣ ತಿರುಗುಮುರುಗು: ಓಡಾಟ ಕಮ್ಮಿ ಇದ್ದಲ್ಲಿ ಕಪ್ಪು, ಜಾಸ್ತಿ ಇದ್ದಲ್ಲಿ ಬಿಳುಪು.

ಹಂತ 4: ಮೂರು ಚಿತ್ರ, ಒಂದೇ ಪರದೆ

ಇನ್ನು ಮುಂದೆ ಯಾವ ಉಪನ್ಯಾಸ ನೋಡಿದರೂ ಕೇಸ್ ಬಂದ ಕೂಡಲೇ ಪಾಸ್ ಮಾಡಿ. ಬಿ 0, ಬಿ 1000, ಎಡಿಸಿ ಮೂರನ್ನೂ ತೋರಿಸಿದ್ದಾರಾ ನೋಡಿ. ಬಿ 1000 ಒಂದನ್ನೇ ತೋರಿಸಿ "ರಿಸ್ಟ್ರಿಕ್ಟೆಡ್ ಡಿಫ್ಯೂಷನ್" (ಓಡಾಟಕ್ಕೆ ತಡೆ) ಅಂತ ಹೇಳಿ ಮುಂದೆ ಹೋಗುವ ಉಪನ್ಯಾಸವನ್ನು ಅಲ್ಲಿಗೇ ಬಿಟ್ಟುಬಿಡಿ. ಎಷ್ಟೇ ಲಕ್ಷ ವ್ಯೂಸ್ ಇರಲಿ, ಅದರಿಂದ ಕೆಟ್ಟ ಅಭ್ಯಾಸ ಬರುತ್ತದೆ.

ನೋಡುವ ಕ್ರಮ ಹೀಗಿರಲಿ. ಬಿ 1000ದಲ್ಲಿ ಬಿಳುಪು ಹುಡುಕಿ. ಅದೇ ಸ್ಲೈಸಿನ ಎಡಿಸಿಗೆ ಹೋಗಿ. ಅಲ್ಲಿ ಕಪ್ಪಿದ್ದರೆ ಓಡಾಟ ನಿಜವಾಗಿಯೂ ಕಮ್ಮಿಯಾಗಿದೆ. ಬಿಳುಪಿದ್ದರೆ ಟಿ2 ಆಟವಾಡುತ್ತಿದೆ. ಆಮೇಲೆ ಬಿ 0 ನೋಡಿ. ಅಲ್ಲೇ ಕಪ್ಪಿದ್ದರೆ ಹುಷಾರು: ರಕ್ತ ಸೋರಿರಬಹುದು, ಕ್ಯಾಲ್ಸಿಯಂ ಇರಬಹುದು. ಅಂಥ ಕಡೆ ಸಿಗ್ನಲ್ಲೇ ಇಲ್ಲದ ಕಾರಣ ಎಡಿಸಿ ಅಂಕಿಯನ್ನು ನಂಬುವ ಹಾಗಿಲ್ಲ. ರಕ್ತ, ಕ್ಯಾಲ್ಸಿಯಂ ಎದ್ದು ತೋರಿಸುವ ಗ್ರೇಡಿಯಂಟ್ ಎಕೋ ಅಥವಾ ಎಸ್‌ಡಬ್ಲ್ಯುಐ ಚಿತ್ರ ನೋಡದೆ ಮಾತಾಡಬಾರದು.

ಎಡಿಸಿ ಮೇಲೆ ಒಂದು ವೃತ್ತ ಎಳೆದು ಅಂಕಿ ಓದುವುದು ಅಭ್ಯಾಸವಾಗಲಿ. ಪರದೆಯಲ್ಲಿ 0.8 ಬದಲು 800 ಅಂತ ಕಂಡರೆ ಗಾಬರಿ ಬೇಡ. ಹತ್ತು ಲಕ್ಷದಿಂದ ಗುಣಿಸಿ ತೋರಿಸುತ್ತಿದೆ ಅಷ್ಟೇ. ಎದುರು ಪಕ್ಕದ ಅದೇ ಜಾಗದಲ್ಲೂ ಒಂದು ವೃತ್ತ ಹಾಕಿ ಹೋಲಿಸಿ. ಒಂದೇ ಅಂಕಿಗಿಂತ ಎಡ-ಬಲದ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ಹಂತ 5: ಸ್ಟ್ರೋಕಿನ ವಯಸ್ಸು

ಒಂದು ಹಾಳೆಯಲ್ಲಿ ಅಡ್ಡಗೆರೆ ಎಳೆದು ದಿನಗಳನ್ನು ಗುರುತು ಮಾಡಿ. ಮೊದಲ ದಿನಗಳಲ್ಲಿ ಬಿ 1000 ಬಿಳುಪು, ಎಡಿಸಿ ಕಪ್ಪು. ಸುಮಾರು ಒಂದರಿಂದ ಎರಡು ವಾರದ ನಡುವೆ ಎಡಿಸಿ ಏರುತ್ತಾ ಬಂದು ನಾರ್ಮಲ್ ಗೆರೆಯನ್ನು ದಾಟುತ್ತದೆ. ದಾಟುವ ಹೊತ್ತಿಗೆ ಎಡಿಸಿ ಮ್ಯಾಪಿನಲ್ಲಿ ಏನೂ ಇಲ್ಲದ ಹಾಗೆ ಕಾಣಬಹುದು. ಟಿ2 ಏರಿರುವುದರಿಂದ ಬಿ 1000ದಲ್ಲಿ ಬಿಳುಪು ಇನ್ನೂ ಇರುತ್ತದೆ. ಆಮೇಲೆ ಎಡಿಸಿ ಬಿಳುಪಾಗುತ್ತದೆ, ಬಿ 1000 ನಿಧಾನವಾಗಿ ಮಸುಕಾಗುತ್ತದೆ. ಇದನ್ನು ಕೋಷ್ಟಕದಂತೆ ಉರು ಹೊಡೆಯುವುದಕ್ಕಿಂತ ಹಂತ 3ರ ಲೆಕ್ಕವನ್ನೇ ಬೇರೆ ಬೇರೆ ದಿನಕ್ಕೆ ಹಾಕಿ ನೋಡಿ. ತಾನಾಗಿ ಬರುತ್ತದೆ.

ಮೊದಲ ಕೆಲವು ಗಂಟೆಗಳಿಗೆ ಇನ್ನೊಂದು ಗಡಿಯಾರ ಇದೆ. ಡಿಫ್ಯೂಷನ್ ಬೆಳ್ಳಗಿದ್ದು, ಕುಹರದ ನೀರಿನ ಬಿಳುಪನ್ನು ಅಡಗಿಸಿ ತೆಗೆಯುವ ಫ್ಲೇರ್ ಚಿತ್ರದಲ್ಲಿ ಇನ್ನೂ ಗುರುತು ಮೂಡಿಲ್ಲ ಅಂದರೆ ಸ್ಟ್ರೋಕ್ ಆಗಿ ಬಹುಶಃ ನಾಲ್ಕೂವರೆ ಗಂಟೆ ದಾಟಿಲ್ಲ. ರಾತ್ರಿ ಚೆನ್ನಾಗಿಯೇ ಮಲಗಿದವರು ಬೆಳಿಗ್ಗೆ ಕೈಕಾಲು ಬಿದ್ದು ಎದ್ದರೆ, ಯಾವಾಗ ಆಯಿತೆಂದು ಹೇಳುವವರು ಯಾರೂ ಇರುವುದಿಲ್ಲ. ಅಂಥವರಿಗೆ ಈ ವ್ಯತ್ಯಾಸ ನೋಡಿ ಹೆಪ್ಪು ಕರಗಿಸುವ ಔಷಧಿ ಕೊಡಬಹುದು ಅಂತ ತೋರಿಸಿದ್ದು 2018ರಲ್ಲಿ ಪ್ರಕಟವಾದ ವೇಕ್‌ಅಪ್ ಅಧ್ಯಯನ. ಇದರ ಬಗ್ಗೆ ಉಪನ್ಯಾಸ ಹುಡುಕಿ ನೋಡಿ, ನೋಡಲೇಬೇಕಾದ ವಿಷಯ.

ಬಿಳುಪಿನ ಆಕಾರವೂ ಮುಖ್ಯ. ಸ್ಟ್ರೋಕ್ ಸಾಮಾನ್ಯವಾಗಿ ಒಂದು ರಕ್ತನಾಳದ ಹದ್ದಿನೊಳಗೆ ಇರುತ್ತದೆ. ಯಾವ ನಾಳದ ಹದ್ದು ಎಲ್ಲಿಂದ ಎಲ್ಲಿಯವರೆಗೆ ಅನ್ನೋದಕ್ಕೆ ನೆದರ್‌ಲ್ಯಾಂಡ್ಸ್‌ನ ರೇಡಿಯಾಲಜಿ ಅಸಿಸ್ಟೆಂಟ್ ತಾಣದಲ್ಲಿ ಬಣ್ಣದ ನಕ್ಷೆಗಳಿವೆ. ಅದನ್ನು ನೋಡಿ ನೀವೇ ಕೈಯಲ್ಲಿ ಬಿಡಿಸಿ. ಬಿಳುಪು ಹದ್ದು ಮೀರಿದೆ ಅಂದರೆ ಫಿಟ್ಸ್ ಆದ ನಂತರದ ಬದಲಾವಣೆ, ರಕ್ತದಲ್ಲಿ ಸಕ್ಕರೆ ಕುಸಿದದ್ದು ಮುಂತಾದ ಬೇರೆ ಕಾರಣಗಳೂ ನೆನಪಾಗಬೇಕು. ಇನ್ನೊಂದು ಮಾತು: ಮಿದುಳುಕಾಂಡದ ಚಿಕ್ಕ ಸ್ಟ್ರೋಕ್ ಮೊದಲ ದಿನ ಡಿಫ್ಯೂಷನ್ನಿನಲ್ಲಿ ಕಾಣದೇ ಇರಬಹುದು. ಚಿತ್ರ ಚೆನ್ನಾಗಿದೆ ಅಂತ ತಲೆ ಸುತ್ತಿ ಬಿದ್ದವರನ್ನು ಮನೆಗೆ ಕಳಿಸುವುದಲ್ಲ.

ಹಂತ 6: ಸ್ಟ್ರೋಕ್ ಅಲ್ಲದ ಬಿಳುಪು

ಉಂಗುರದ ಹಾಗೆ ಕಾಣುವ ಗಂಟು ಇದೆ, ಒಳಗೆ ದ್ರವ ಇದೆ ಅಂದುಕೊಳ್ಳಿ. ಕೀವೋ, ಕೊಳೆತ ಗೆಡ್ಡೆಯೋ? ಕೀವು ಗಟ್ಟಿ, ಅಂಟು. ನೀರಿಗೆ ಓಡಾಡಲು ಆಗುವುದಿಲ್ಲ. ಹಾಗಾಗಿ ಒಳಭಾಗ ಬಿ 1000ದಲ್ಲಿ ಬಿಳುಪು, ಎಡಿಸಿಯಲ್ಲಿ ಕಪ್ಪು. ಗೆಡ್ಡೆಯ ನಡುವೆ ಕೊಳೆತ ಭಾಗ ಸಾಮಾನ್ಯವಾಗಿ ತೆಳು ದ್ರವ, ಎಡಿಸಿ ಬಿಳುಪು. ಆಪರೇಷನ್ ಟೇಬಲ್ಲಿಗೆ ಹೋಗುವ ಮುಂಚೆ ಈ ಒಂದು ಸುಳಿವು ಬಹಳ ಬೆಲೆಯುಳ್ಳದ್ದು. ಟಿಬಿ ಮತ್ತು ಫಂಗಸ್‌ನ ಗಂಟುಗಳು ಮಾತ್ರ ಈ ನಿಯಮಕ್ಕೆ ಯಾವಾಗಲೂ ಬಗ್ಗುವುದಿಲ್ಲ. ಟಿಬಿ ಜಾಸ್ತಿ ಇರುವ ನಮ್ಮ ಕಡೆ ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಪರದೇಶದ ಉಪನ್ಯಾಸಗಳಲ್ಲಿ ಇದಕ್ಕೆ ಅಷ್ಟು ಜಾಗ ಸಿಗುವುದಿಲ್ಲ.

ಎಪಿಡರ್ಮಾಯ್ಡ್ (ಚರ್ಮದ ಕೋಶಗಳಿಂದ ಬೆಳೆಯುವ ಗಂಟು) ಇನ್ನೂ ಸ್ವಾರಸ್ಯ. ಟಿ1, ಟಿ2ಗಳಲ್ಲಿ ಅರಕ್ನಾಯ್ಡ್ ಸಿಸ್ಟ್‌ನಂತೆ ನೀರಿನ ಚೀಲವಾಗಿ ಕಾಣುತ್ತದೆ. ಬಿ 1000ದಲ್ಲಿ ಸಿಸ್ಟ್ ಕಪ್ಪಾದರೆ ಇದು ಬೆಳ್ಳಗೆ ಹೊಳೆಯುತ್ತದೆ. ಆದರೆ ಅದರ ಎಡಿಸಿ ಅಂಕಿ ನೋಡಿದರೆ ಸ್ಟ್ರೋಕಿನಷ್ಟು ಕೆಳಗೆ ಇರುವುದಿಲ್ಲ, ಹೆಚ್ಚುಕಮ್ಮಿ ಮಿದುಳಿನ ಹತ್ತಿರವೇ ಇರುತ್ತದೆ. ಬಿಳುಪಿನಲ್ಲಿ ಟಿ2ನ ಪಾಲೂ ಇದೆ. ಹಂತ 3ರ ನಾಲ್ಕನೇ ಲೆಕ್ಕ ಮಾಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ, ಅಲ್ವಾ?

ಕೋಶಗಳು ಒತ್ತೊತ್ತಾಗಿರುವ ಲಿಂಫೋಮಾ ಗೆಡ್ಡೆಯಲ್ಲೂ ಎಡಿಸಿ ಇಳಿಯುತ್ತದೆ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗದಲ್ಲಿ ಮಿದುಳಿನ ಹೊರಪದರ ರಿಬ್ಬನ್ನಿನಂತೆ ಬೆಳ್ಳಗಾಗುತ್ತದೆ, ಒಳಗಿನ ಕಾಡೇಟ್ ಮತ್ತು ಪುಟಾಮೆನ್ ಕೂಡ. ಬಿಪಿ ಏರಿ ಬರುವ ಮಿದುಳಿನ ಊತವಾದ ಪ್ರೆಸ್‌ನಲ್ಲಿ ನೀರು ಸೋರಿ ನಿಂತಿರುವುದರಿಂದ ಸಾಮಾನ್ಯವಾಗಿ ಎಡಿಸಿ ಏರುತ್ತದೆ.

ಹಂತ 7: ಮೋಸ ಮಾಡುವ ನಾರ್ಮಲ್

ರೋಗದ ಚಿತ್ರಗಳಿಗಿಂತ ಮೊದಲು ನಾರ್ಮಲ್ ಸ್ಕ್ಯಾನುಗಳನ್ನು ಸಾಕೆನಿಸುವಷ್ಟು ನೋಡಬೇಕು. ಇನ್ಸುಲಾ, ಸಿಂಗ್ಯುಲೇಟ್ ಭಾಗಗಳು, ಇಂಟರ್ನಲ್ ಕ್ಯಾಪ್ಸೂಲಿನ ಹಿಂಗಾಲು ನಾರ್ಮಲ್ ಆಗಿಯೇ ತುಸು ಬೆಳ್ಳಗಿರುತ್ತವೆ. ಎರಡೂ ಕಡೆ ಒಂದೇ ಥರ ಇದ್ದು, ಎಡಿಸಿಯಲ್ಲಿ ಕಪ್ಪಿಲ್ಲದಿದ್ದರೆ ಬಿಟ್ಟುಬಿಡಿ.

ಡಿಫ್ಯೂಷನ್ ಚಿತ್ರ ತೆಗೆಯುವುದು ಇಪಿಐ ಅನ್ನುವ ಅತಿವೇಗದ ವಿಧಾನದಲ್ಲಿ. ತಲೆ ಅಲುಗಿದರೂ ಚಿತ್ರ ಕೆಡದಿರಲಿ ಅಂತ ಆ ವೇಗ. ಅದಕ್ಕೆ ಬೆಲೆಯೂ ತೆರಬೇಕು: ಗಾಳಿ ಮತ್ತು ಮೂಳೆ ಸೇರುವ ಕಡೆ ಚಿತ್ರ ಸೊಟ್ಟಗಾಗಿ ಅಂಚು ಬೆಳ್ಳಗೆ ಉರಿಯುತ್ತದೆ. ಮೂಗಿನ ಸೈನಸ್ಸಿನ ಮೇಲೆ, ಕಿವಿಯ ಮೂಳೆಯ ಪಕ್ಕ ಕಾಣುವ ಬಿಳುಪು ಬಹುಪಾಲು ಇದೇ. ಹಲ್ಲಿನ ಕ್ಲಿಪ್ ಇದ್ದರೆ ಇನ್ನೂ ಕಷ್ಟ. ಕಿವಿಯೊಳಗೆ ಬೆಳೆಯುವ ಚರ್ಮದ ಗಂಟು ಕೊಲೆಸ್ಟಿಯಟೋಮಾ ಹುಡುಕಲು ಇಪಿಐ ಅಲ್ಲದ ಡಿಫ್ಯೂಷನ್ ಬಳಸುವುದು ಈ ಕಾರಣಕ್ಕೇ.

ಹಂತ 8: ಕೇಸ್, ಕೇಸ್, ಇನ್ನೂ ಕೇಸ್

ಇಲ್ಲಿಗೆ ಉಪನ್ಯಾಸ ಸಾಕು. ಮೆಲ್ಬರ್ನಿನ ನ್ಯೂರೋರೇಡಿಯಾಲಜಿಸ್ಟ್ ಫ್ರಾಂಕ್ ಗೈಲಾರ್ಡ್ 2005ರಲ್ಲಿ ಶುರು ಮಾಡಿದ ರೇಡಿಯೋಪೀಡಿಯಾಕ್ಕೆ ಹೋಗಿ. ಕೆಲವು ಕೋರ್ಸ್‌ಗಳಿಗೆ ದುಡ್ಡು ಕೇಳುತ್ತಾರೆ. ಲೇಖನಗಳು, ಕೇಸ್‌ಗಳು ಉಚಿತ. ಕೇಸ್ ತೆರೆದಾಗ ಶೀರ್ಷಿಕೆಯಲ್ಲೇ ಉತ್ತರ ಇರುತ್ತದೆ ಅನ್ನೋದೊಂದು ಕಿರಿಕಿರಿ. ಅದಕ್ಕೆ ಗೆಳೆಯರೊಬ್ಬರಿಗೆ ಹೇಳಿ ಲಿಂಕ್ ಆರಿಸಿ ತೆರೆಸಿಕೊಳ್ಳಿ, ಅಥವಾ ಪರದೆಯ ಮೇಲ್ಭಾಗ ಮುಚ್ಚಿ. ಮೊದಲು ಮೂರು ಚಿತ್ರ ನೋಡಿ ನಿಮ್ಮ ಉತ್ತರವನ್ನು ಬರೆದಿಡಿ. ಕೇಸಿನ ವಿವರಣೆಯನ್ನು ಓದುವುದು ಆಮೇಲೆ.

ಅಲ್ಲಿಂದ ಮುಂದೆ ಹೋಗುವ ಆಸೆ ಇದ್ದರೆ ಐಎಸ್‌ಎಲ್‌ಇಎಸ್ 2022 ಅನ್ನುವ ಸ್ಟ್ರೋಕ್ ಚಿತ್ರಗಳ ಸಂಗ್ರಹ ಇಳಿಸಿಕೊಳ್ಳಿ. ಕಂಪ್ಯೂಟರಿಗೆ ಸ್ಟ್ರೋಕ್ ಗುರುತಿಸಲು ಕಲಿಸುವ ಸ್ಪರ್ಧೆಗೆಂದು ಮಾಡಿದ್ದು. ಹೆಸರು, ಗುರುತು ತೆಗೆದುಹಾಕಿದ 250 ಕೇಸ್‌ಗಳು ಎಲ್ಲರಿಗೂ ತೆರೆದಿವೆ. ಪ್ರತಿಯೊಂದರಲ್ಲೂ ಬಿ 1000, ಎಡಿಸಿ, ಫ್ಲೇರ್ ಇದೆ, ಪರಿಣತರು ಎಲ್ಲೆ ಗುರುತಿಸಿದ ಪದರವೂ ಇದೆ. ಉಚಿತವಾಗಿ ಸಿಗುವ 3ಡಿ ಸ್ಲೈಸರ್‌ನಲ್ಲಿ ತೆರೆಯಬಹುದು. ಎಲ್ಲೆಯ ಪದರವನ್ನು ಮುಚ್ಚಿಟ್ಟು ನೀವೇ ಮೊದಲು ಬೆರಳಿಟ್ಟು ತೋರಿಸಿ. ಆಮೇಲೆ ಪದರ ತೆರೆದು ಹೋಲಿಸಿ. ಚಿಕ್ಕ ಚುಕ್ಕೆಗಳು ಎಷ್ಟು ತಪ್ಪಿಹೋಗುತ್ತವೆ ಅನ್ನೋದು ಆಗಲೇ ಗೊತ್ತಾಗುವುದು.

ನಿಮ್ಮ ಆಸ್ಪತ್ರೆಯ ಕೇಸ್‌ಗಳನ್ನು ಫೋನಿನಲ್ಲಿ ಫೋಟೋ ಹೊಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಕಲಿಯುವ ಪದ್ಧತಿ ಬೇಡ. ಚಿತ್ರದ ಮೂಲೆಯಲ್ಲೇ ರೋಗಿಯ ಹೆಸರು, ವಯಸ್ಸು, ನಂಬರ್ ಇರುತ್ತದೆ. ಮನೆಯವರ ಸ್ಕ್ಯಾನ್ ಕೈಗೆ ಬಂದಾಗಲೂ ಅಷ್ಟೇ. ಕುತೂಹಲಕ್ಕೆ ನೋಡಿ, ಆದರೆ ಮಾತು ರಿಪೋರ್ಟ್ ಕೊಟ್ಟ ಡಾಕ್ಟರ್ ಜೊತೆಗಿರಲಿ.

ಮಿದುಳು ಕೈಗೆ ಹತ್ತಿದ ಮೇಲೆ ಹೊಟ್ಟೆ, ಪ್ರಾಸ್ಟೇಟ್ ಕಡೆ ಹೋಗಬಹುದು. ಅಲ್ಲಿ ಬಿ ವ್ಯಾಲ್ಯೂಗಳೇ ಬೇರೆ. ಪ್ರಾಸ್ಟೇಟ್‌ಗೆ 1400 ಮತ್ತು ಅದಕ್ಕಿಂತ ಮೇಲಿನದನ್ನು ನೋಡುತ್ತಾರೆ. ಲಿವರ್‌ನಲ್ಲಿ 50ರಂಥ ಚಿಕ್ಕ ಅಂಕಿಯೂ ಬೇಕಾಗುತ್ತದೆ. ಹೊಸ ಉಪನ್ಯಾಸ ಶುರು ಮಾಡುವ ಮುಂಚೆ ಹಂತ 3ರ ಲೆಕ್ಕದಲ್ಲಿ 1000 ಇದ್ದಲ್ಲಿ 1400 ಹಾಕಿ, ಅಂದರೆ ಎಡಿಸಿಯನ್ನು 1.4ರಿಂದ ಗುಣಿಸಿ ಘಾತಕ್ಕೆ ಹಾಕಿ. ಆ 214 ಮತ್ತು 200 ಈಗ ಎಷ್ಟೆಷ್ಟಾದವು ನೋಡಿ.